ಜಿವರ್ನಿಯ ನೈದಿಲೆಗೆ ಏಪ್ರಿಲ್ ತೀರ ಬೇಗ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆಯ ಯೂರೋಪ್ ಪ್ರವಾಸದ ಬರಹಗಳಲ್ಲಿ ಫ್ರಾನ್ಸಿನ ಜಿವರ್ನಿಯ ಹೆಸರು ಬಂತೆಂದರೆ ಪಕ್ಕದಲ್ಲೇ ಚಿತ್ರಕಾರ ಕ್ಲೋದ್ ಮೊನೆಯ ನೈದಿಲೆ ಚಿತ್ರವೂ ಇರುತ್ತದೆ. ದಯವಿಟ್ಟು ಅದರ ಕೆಳಗೆ ಹೂವಿನ ತಿಂಗಳನ್ನೂ ಅಚ್ಚು ಹಾಕಿ. ಅಲ್ಲಿ ಮೊನೆ ಬಾಳಿದ ಮನೆ, ತೋಟ ತೆರೆದಿರುವುದು ಏಪ್ರಿಲ್ 1ರಿಂದ ನವೆಂಬರ್ 1ರವರೆಗೆ. ನಮ್ಮ ಮಕ್ಕಳಿಗೆ ರಜೆ ಏಪ್ರಿಲ್-ಮೇ. ಆಗ ಕೊಳದ ನೀರು ಇನ್ನೂ ತಣ್ಣಗಿರುವುದರಿಂದ ನೈದಿಲೆ ಹೂಬಿಟ್ಟಿರುವುದಿಲ್ಲ. ಹೂ ತುಂಬುವುದು ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ರಜೆಯಲ್ಲೇ ಹೋಗಬೇಕಾದವರು ಮೇ ಮೊದಲ ಹದಿನೈದು ದಿನ ನೋಡಿಕೊಳ್ಳಲಿ. ಹಸಿರು ಜಪಾನಿ ಸೇತುವೆಯ ಮೇಲೆ ವಿಸ್ಟೀರಿಯಾ ಬಳ್ಳಿ ನೇರಳೆ ಗೊಂಚಲು ಇಳಿಬಿಡುವ ಕಾಲ ಅದು, ನೈದಿಲೆಗಿಂತ ಕಡಿಮೆಯದೇನಲ್ಲ.

ಹೊತ್ತೂ ಮುಖ್ಯ. ನೈದಿಲೆ ಬೆಳಗ್ಗೆ ಅರಳಿ ಸಂಜೆಯಾಗುವ ಮೊದಲೇ ಮುದುಡುತ್ತದೆ. ಮಧ್ಯಾಹ್ನದ ಊಟ ಮುಗಿಸಿ ಪ್ಯಾರಿಸ್ ಬಿಟ್ಟವರಿಗೆ ಸಿಗುವುದು ಮುಚ್ಚಿದ ಹೂವೇ. ಸೇಂಟ್ ಲಜಾರ್ ನಿಲ್ದಾಣದಿಂದ ವೆರ್ನಾನ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ, ಅಲ್ಲಿಂದ ಐದಾರು ಕಿಲೋಮೀಟರ್ ಬಸ್ಸು. ಟಿಕೆಟ್ ಮೊದಲೇ ಕೊಂಡಿಟ್ಟುಕೊಂಡು, ಒಳಹೊಕ್ಕ ಕೂಡಲೇ ಮನೆಯ ಕಡೆ ತಿರುಗದೆ ರಸ್ತೆಯಡಿಯ ಸುರಂಗ ದಾಟಿ ಕೊಳಕ್ಕೆ ಹೋಗಬೇಕು. ತಡವಾದರೆ ಸೇತುವೆಯ ಮೇಲೆ ನಿಲ್ಲಲೂ ಜಾಗವಿರುವುದಿಲ್ಲ.

ಆ ಕೊಳ ತಾನಾಗಿ ಆದದ್ದಲ್ಲ. 1893ರಲ್ಲಿ ಮೊನೆ ಜಾಗ ಕೊಂಡು ಎಪ್ಟ್ ನದಿಯ ಕವಲಿನಿಂದ ನೀರು ತಿರುಗಿಸಲು ಹೊರಟಾಗ, ಪರದೇಶದ ಗಿಡಗಳಿಂದ ನೀರು ವಿಷವಾದೀತು ಎಂದು ಊರವರು ತಡೆದಿದ್ದರು. ಬಣ್ಣದ ನೈದಿಲೆಗಳು ಬಂದದ್ದು ಲತೂರ್-ಮಾರ್ಲಿಯಾಕ್ ನರ್ಸರಿಯಿಂದ. ಚಳಿ ತಡೆಯುವ ತಳಿಗೆ ಬಣ್ಣದ ತಳಿ ಕೂಡಿಸಿ ಬೆಳೆಸಿದವು. ನೈದಿಲೆಯನ್ನು ಅದರ ಪಾಡಿಗೆ ಬಿಟ್ಟರೆ ಎಲೆ ಹಬ್ಬಿ ಕೊಳವನ್ನೇ ಮುಚ್ಚಿಬಿಡುತ್ತದೆ. ಅದಕ್ಕೇ ಮಾಲಿಯೊಬ್ಬ ದೋಣಿಯಲ್ಲಿ ಕೂತು ಪಾಚಿ ತೆಗೆದು, ಎಲೆ ಸವರಿ, ಪ್ರತಿ ಗುಂಪನ್ನೂ ದುಂಡಗೆ ಬಿಡಿಬಿಡಿಯಾಗಿ ಇಡುತ್ತಿದ್ದ. ನಡುವೆ ಬಯಲು ನೀರು ಉಳಿದರೆ ತಾನೇ ಮೋಡ, ವಿಲ್ಲೋ ಮರಗಳ ಪ್ರತಿಬಿಂಬ ಅದರಲ್ಲಿ ಬೀಳುವುದು! ಮೊನೆ ಬಿಡಿಸಿದ್ದು ಹೂವಿನಷ್ಟೇ ಆ ಪ್ರತಿಬಿಂಬವನ್ನು. ಸೇತುವೆಯಿಂದ ಫೋಟೊ ತೆಗೆದು ಓಡುವವರು ಎರಡು ನಿಮಿಷ ನೀರನ್ನೇ ನೋಡಲಿ.

ಮನೆಯಲ್ಲಿ ಮೊನೆಯವರ ಮೂಲ ಚಿತ್ರಗಳಿಲ್ಲ, ಗೋಡೆಯ ಮೇಲಿರುವುದು ಪ್ರತಿಗಳು. ಅವರು ಕೂಡಿಟ್ಟ ಜಪಾನಿ ಮುದ್ರಣಚಿತ್ರಗಳಂತೂ ಇವೆ. ನೈದಿಲೆಯ ಎಂಟು ದೊಡ್ಡ ಚಿತ್ರಗಳು ಪ್ಯಾರಿಸ್‌ನ ಆರೆಂಜರಿ ಮ್ಯೂಸಿಯಂನ ಎರಡು ಅಂಡಾಕಾರದ ಕೋಣೆಗಳಲ್ಲಿವೆ. ತೋಟ ನೋಡಿದ ಮರುದಿನವೇ ಅಲ್ಲಿಗೆ ಹೋಗುವುದು ಒಳ್ಳೆಯದು. ಆದರೆ ಸೋಮವಾರ ಜಿವರ್ನಿಗೆ ಹೋಗಬೇಡಿ; ಮಂಗಳವಾರ ಮ್ಯೂಸಿಯಂಗೆ ರಜೆ.

ಇತಿ,
ಓರ್ವ ಓದುಗ, ಧಾರವಾಡ