ಬೀದರಿನ ಮದರಸಾದಲ್ಲಿ ಸಿಕ್ಕ ಹಿರಿಯರಿಗೆ

ನಿಮ್ಮ ಹೆಸರು ಕೇಳಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಮಹಮೂದ್ ಗವಾನ್ ಮದರಸಾದ ಅಂಗಳದಲ್ಲಿ, ಉಳಿದಿರುವ ಆ ಒಂದೇ ಮಿನಾರಿನ ಹತ್ತಿರ, "ಏನ್ ಓದಲತ್ತಿ ತಮ್ಮಾ?" ಎಂದು ಮಾತಿಗೆಳೆದವರು ನೀವು.

ಎಂ.ಎ. ಅಂದೆ. ಬಿಡಬೇಕು ಅಂತಿದ್ದೇನೆ ಅಂತಲೂ ಅಂದೆ. ನಮ್ಮದು ಮೆಥೋಡಿಸ್ಟ್ ಕುಟುಂಬ. ನಮ್ಮೂರ ಚರ್ಚಿನಲ್ಲಿ ಹಳಬರು ತತ್ವಪದದ ಧಾಟಿಯಲ್ಲಿ ಯೇಸುವಿನ ಹಾಡು ಹೇಳುತ್ತಾರೆ. ಅದನ್ನೇ ಪ್ರಬಂಧಕ್ಕೆ ಆರಿಸಿಕೊಂಡರೆ ವಿಶ್ವವಿದ್ಯಾಲಯದಲ್ಲಿ ಸಿಕ್ಕ ಮಾರ್ಗದರ್ಶನ ಇಷ್ಟೇ: ಹಳೇ ಪ್ರಬಂಧ ಯಾವುದಾದರೂ ನೋಡಿ ಬರಿ. ತರಗತಿಯಲ್ಲಿ ಹಳದಿಗಟ್ಟಿದ ನೋಟ್ಸು, ಪರೀಕ್ಷೆಗೆ ಜೆರಾಕ್ಸ್ ಅಂಗಡಿಯ ಗೈಡು. ಸತ್ಯ ಹುಡುಕುವ ಜಾಗವೆಂದು ಪಾಸ್ಟರರಿಂದ ಪ್ರಾರ್ಥನೆ ಮಾಡಿಸಿಕೊಂಡು ಸೇರಿದವನು ನಾನು!

ನೀವು ಬುದ್ಧಿ ಹೇಳಲಿಲ್ಲ. ಗವಾನನ ಕಥೆ ಹೇಳಿದಿರಿ: ಇರಾನಿನ ಗೀಲಾನದಿಂದ ಬಂದು ಬಹಮನಿ ವಜೀರನಾದವ, 1472ರಲ್ಲಿ ಈ ಮದರಸಾ ಕಟ್ಟಿಸಿದವ, 1481ರಲ್ಲಿ ಖೋಟಾ ಪತ್ರವೊಂದರ ದೆಸೆಯಿಂದ ತಲೆ ಕೊಟ್ಟವ. "ಓದಿಸೋರು ಹ್ಯಾಂಗರ ಇರ್ಲಿ, ಪ್ರಶ್ನೆ ನಿಂದದ" ಅಂದಿರಿ. ಆಮೇಲೆ ನನ್ನ ವಹಿ ತಗೊಂಡು, ಅಜ್ಜಿಗೆ ಕೇಳಬೇಕಾದ್ದನ್ನೆಲ್ಲ ಬರೆದುಕೊಟ್ಟಿರಿ: ಹಾಡು ಯಾರಿಂದ ಬಂತು, ಯಾವ ಸಾಲು ಬದಲಾಯಿತು, ಮೊದಲು ಯಾರು ಎತ್ತಿಕೊಳ್ಳುತ್ತಾರೆ, ಯಾವ ಹಾಡನ್ನು ಈಗ ಬಿಟ್ಟಿದ್ದಾರೆ. ದುಂಡನೆಯ ಅಕ್ಷರ, ಮಾಸ್ತರರಾಗಿದ್ದಿರೇನೋ.

ವಿಶ್ವವಿದ್ಯಾಲಯದ ಮೇಲಿನ ಸಿಟ್ಟು ಇಳಿದಿಲ್ಲ, ಇಳಿಯಬೇಕಾಗಿಯೂ ಇಲ್ಲ. ಆದರೆ ಅಜ್ಜಿಯ ಹಾಡುಗಳು ಮೊಬೈಲಿನಲ್ಲಿವೆ, ಪ್ರಬಂಧ ಅರ್ಧ ಆಗಿದೆ. ಇವರನ್ನು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಓದಿ ಹೇಳಿ. ಭಾಳ ಉಪಕಾರ ಆಯ್ತ್ರಿ, ಚಾಚಾ.