141ರ ಗುಟ್ಟು ಬಿಡಿಸಿದವರಿಗೆ

ಹೋಸ್ಟಿಂಗ್ ಸಪೋರ್ಟ್‌ನ ರಾತ್ರಿ ಪಾಳಿಯಲ್ಲಿ ಫೋನ್ ಎತ್ತಿದವರೇ, ಥ್ಯಾಂಕ್ಸ್. ಗಡಿಬಿಡಿಯಲ್ಲಿ ನಿಮ್ಮ ಹೆಸರೂ ಕೇಳಲಿಲ್ಲ. ನಮ್ಮ ಸಿ ಭಾಷೆಯ ವೆಬ್ ಸರ್ವರ್ ಲಾಗ್‌ನಲ್ಲಿ ಒಂದಕ್ಷರವೂ ಬರೆಯದೆ ಸಾಯುತ್ತಿತ್ತು. ಮೆಷಿನ್ ಸರಿಯಿದೆ ಎಂದು ನೀವು ಫೋನಿಡಬಹುದಿತ್ತು. ನಮ್ಮ ಕೋಡ್ ನಿಮ್ಮ ಕೆಲಸವೇ ಅಲ್ಲ.

"ಎಕ್ಸಿಟ್ ಕೋಡ್ ಎಷ್ಟಿದೆ ನೋಡಿ ಸರ್" ಅಂದಿರಿ, ಪ್ರೋಗ್ರಾಂ ನಿಲ್ಲುವಾಗ ಬಿಟ್ಟುಹೋಗುವ ಸಂಖ್ಯೆ. 141 ಇತ್ತು. "ಸಿಗ್ನಲ್ ಬಂದು ಸತ್ರೆ ಶೆಲ್ ಅದ್ರ ನಂಬರ್‌ಗೆ 128 ಸೇರಿಸಿ ತೋರಿಸತ್ತೆ, ಅದನ್ನ ಕಳೀರಿ. 13, ಅಂದ್ರೆ ಸಿಗ್‌ಪೈಪ್, ಮುಚ್ಚಿದ ಕನೆಕ್ಷನ್‌ಗೆ ಬರೆದ್ರೆ ಸಿಸ್ಟಮ್ ಕಳ್ಸೋ ಸಿಗ್ನಲ್. ಬ್ರೌಸರ್ ಕನೆಕ್ಷನ್ ಮುಚ್ಚಿದ್ಮೇಲೂ ನಿಮ್ಮ ಸರ್ವರ್ ಸಾಕೆಟ್‌ಗೆ, ಅಂದ್ರೆ ಆ ಕನೆಕ್ಷನ್‌ನ ತನ್ನ ತುದಿಗೆ, ಬರೀತಿದೆ." ಆ ಸಿಗ್ನಲ್ ಇಗ್ನೋರ್ ಮಾಡಿಸಿ, ಆಮೇಲೆ ಬರುವ ಇಪೈಪ್ ಎರರ್ (ಕನೆಕ್ಷನ್ ಮುರಿದಿದೆ ಎಂಬ ಸೂಚನೆ) ನೋಡಿ ಆ ಒಂದು ಸಾಕೆಟ್ ಮಾತ್ರ ಮುಚ್ಚುವಂತೆ ಬರೆಸಿದಿರಿ. ನಾನು ಟೈಪ್ ಮಾಡುವಷ್ಟು ಹೊತ್ತೂ ಲೈನ್‌ನಲ್ಲೇ ಇದ್ದಿರಿ, "ನಿಧಾನಕ್ಕೆ ಮಾಡಿ" ಅನ್ನುತ್ತಾ.

ಡೌನ್‌ಲೋಡ್ ನಡುವೆ ಟ್ಯಾಬ್ ಮುಚ್ಚಿದೆ. ಸರ್ವರ್ ಮಿಸುಕಲಿಲ್ಲ! ನನಗಿಂತ ಮೊದಲು ನಕ್ಕವರು ನೀವೇ.