ಹುಟ್ಟಿದ ವರ್ಷ ನೋಡಿ ಚಿಕಿತ್ಸೆ ಬೇಡ ಅನ್ನಬೇಡಿ

ಮಾನ್ಯ ಸಂಪಾದಕರೇ,

ಬ್ಲಡ್ ಕ್ಯಾನ್ಸರ್ ಬಗ್ಗೆ ಲೇಖನ ಬಂದರೆ ಜೊತೆಗೆ ಮಗುವಿನ ಫೋಟೊ ಇದ್ದೇ ಇರುತ್ತದೆ. ಆದರೆ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಎಎಂಎಲ್, ವಯಸ್ಸಾದಂತೆ ಹೆಚ್ಚುವ ಒಂದು ಬಗೆಯ ಬ್ಲಡ್ ಕ್ಯಾನ್ಸರ್. ಅಮೆರಿಕದಲ್ಲಂತೂ ಇದು ಪತ್ತೆಯಾದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ 65 ದಾಟಿದವರು. ಅವರ ಬಗ್ಗೆ ಬರೆಯುವವರು ಕಡಿಮೆ.

‘ಈ ವಯಸ್ಸಲ್ಲಿ ಕೀಮೋ ಯಾಕೆ, ಸುಮ್ನೆ ಹಿಂಸೆ’ ಅನ್ನುವ ಮಾತಿಗೆ ಹಿಂದೆ ಕಾರಣವಿತ್ತು. 1970ರ ದಶಕದಿಂದ ಇದ್ದ ಮುಖ್ಯ ದಾರಿ ಒಂದೇ. ಏಳು ದಿನ ಸೈಟರಾಬಿನ್ ಎಂಬ ಕೀಮೋ ಮದ್ದು, ಅದರಲ್ಲಿ ಮೂರು ದಿನ ಜೊತೆಗೆ ಡೌನೊರುಬಿಸಿನ್. ಗಟ್ಟಿಮುಟ್ಟಾದವರಿಗೇ ಅದು ಕಷ್ಟ. ಹೃದಯ, ಕಿಡ್ನಿ ಸೋತವರ ಪಾಡು ಕೇಳುವುದೇ ಬೇಡ. ಸಾಲದ್ದಕ್ಕೆ, ಹಿರಿಯರಲ್ಲಿ ಮದ್ದಿಗೆ ಬಗ್ಗದ ಬಗೆಯ ಲ್ಯುಕೇಮಿಯಾವೇ ಜಾಸ್ತಿ.

ಈಗ ಬೇರೆ ದಾರಿ ಇದೆ. ಅಜಾಸಿಟಿಡಿನ್ ಇಂಜೆಕ್ಷನ್ ಜೊತೆಗೆ ವೆನೆಟೊಕ್ಲಾಕ್ಸ್ ಮಾತ್ರೆ. ಜೋರು ಕೀಮೋ ತಾಳದವರಲ್ಲಿ ನಡೆಸಿದ ದೊಡ್ಡ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ಅಜಾಸಿಟಿಡಿನ್ ಒಂದನ್ನೇ ಪಡೆದವರು ಬದುಕಿದ ಅವಧಿಯ ಮಧ್ಯದ ಅಂಕಿ (ಮೀಡಿಯನ್) 9.6 ತಿಂಗಳು, ಎರಡನ್ನೂ ಪಡೆದವರದ್ದು 14.7 ತಿಂಗಳು. ಇಷ್ಟೇನಾ ಅನ್ನಿಸಬಹುದು. ಆದರೆ ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಬದುಕಿದರು. ಹಾಗಂತ ಇದು ಸುಲಭದ ಮದ್ದಲ್ಲ. ರಕ್ತಕಣಗಳು ಇಳಿಯುತ್ತವೆ, ಪದೇಪದೇ ರಕ್ತ ಹಾಕಿಸಬೇಕಾಗುತ್ತದೆ, ಜ್ವರ ಬಂದರೆ ರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು. ‘ಮಾತ್ರೆ ತಾನೇ’ ಎಂದು ಮನೆಯವರನ್ನು ನಂಬಿಸುವುದೂ ತಪ್ಪೇ.

ನನ್ನ ತಕರಾರು ಇಷ್ಟು: ಜೀನ್ ಪರೀಕ್ಷೆಯ ವರದಿ ಬರುವ ಮೊದಲೇ, ಬರೀ ವಯಸ್ಸು ನೋಡಿ ಕೈಬಿಡಬಾರದು. ಎಫ್‌ಎಲ್‌ಟಿ3, ಐಡಿಎಚ್ ಎಂಬ ಜೀನ್‌ಗಳಲ್ಲಿ ಬದಲಾವಣೆ ಕಂಡರೆ ಅದಕ್ಕೇ ಗುರಿಯಿಟ್ಟ ಮಾತ್ರೆಗಳಿವೆ. ಎಎಂಎಲ್‌ನದೇ ಒಂದು ಬಗೆಯಾದ ಎಪಿಎಲ್‌ನಲ್ಲಿ ವರದಿಗೂ ಕಾಯುವಂತಿಲ್ಲ, ಅನುಮಾನ ಬಂದ ಕೂಡಲೇ ಮದ್ದು ಶುರುವಾಗಬೇಕು. ರಕ್ತಸ್ರಾವದ ಮೊದಲ ಗಂಡಾಂತರ ದಾಟಿದರೆ, ವಿಟಮಿನ್ ಎ ಬಗೆಯ ಮಾತ್ರೆಯಾದ ಎಟಿಆರ್‌ಎ ಮತ್ತು ಆರ್ಸೆನಿಕ್‌ನಿಂದ ವಯಸ್ಸಾದವರಲ್ಲೂ ಬಹಳಷ್ಟು ಮಂದಿ ಪೂರ್ತಿ ಗುಣವಾಗುತ್ತಾರೆ. ಹೌದು, ವಿಷವೆಂದು ಕೇಳಿದ ಅದೇ ಆರ್ಸೆನಿಕ್!

ಎಪ್ಪತ್ತೈದರಲ್ಲೂ ದಿನಾ ನಡೆದಾಡುವವರಿದ್ದಾರೆ, ಅರವತ್ತಕ್ಕೇ ಹಾಸಿಗೆ ಹಿಡಿದವರಿದ್ದಾರೆ. ನಡಿಗೆ, ನೆನಪು, ಊಟ, ಬೇರೆ ಕಾಯಿಲೆ ಎಲ್ಲ ನೋಡಿ ತೀರ್ಮಾನಿಸಬೇಕು ಅಲ್ವಾ? ಕಾಯಿಲೆಯವರನ್ನೂ ಕೇಳಬೇಕು. ಎಷ್ಟೋ ಸಲ ಮಕ್ಕಳು ಮತ್ತು ಡಾಕ್ಟರು ಬಾಗಿಲ ಹೊರಗೆ ನಿಂತು ಎಲ್ಲ ಮುಗಿಸಿಬಿಡುತ್ತಾರೆ.

ಅವರೇ ‘ಕೀಮೋ ಬೇಡ’ ಅಂದರೆ ಅದಕ್ಕೂ ಬೆಲೆ ಕೊಡಬೇಕು. ಆಗಲೂ ರಕ್ತ ಹಾಕುವುದು, ಸೋಂಕಿಗೆ ಮದ್ದು, ನೋವು ಕಡಿಮೆ ಮಾಡುವುದು ನಿಲ್ಲಬೇಕಿಲ್ಲ. ನೋವು, ಸಂಕಟ ತಗ್ಗಿಸುವ ಉಪಶಾಮಕ ಆರೈಕೆಯ ಡಾಕ್ಟರನ್ನು ಕೊನೆಯ ವಾರ ಕರೆಯುವ ಬದಲು ಮೊದಲ ವಾರವೇ ಕರೆಸಿ.

ಇಂತಿ,
ಒಬ್ಬ ಓದುಗ